ಅಟ್ಟದ ಮೇಲಿದ್ದ ಶಾಕ್ ಫೋರ್ಕ್

ಕಳೆದ ಭಾನುವಾರ ಅಟ್ಟ ಗುಡಿಸುವಾಗ ಒಂದು ಗೋಣಿಚೀಲ ಕೈಗೆ ಸಿಕ್ಕಿತು. ಬಾಯಿ ಬಿಚ್ಚಿದ ಕೂಡಲೇ ಹಳೆಯ ಗ್ರೀಸಿನ ವಾಸನೆ... ಒಳಗಿದ್ದದ್ದು ನನ್ನ ಗೇರ್ ಸೈಕಲ್ಲಿನ ಮುಂದಿನ ಚಕ್ರ ಹಿಡಿಯುತ್ತಿದ್ದ, ಸ್ಪ್ರಿಂಗ್ ಇರುವ ಶಾಕ್ ಫೋರ್ಕ್. ಅದರ ಹಿಂದೆಯೇ ಕೆಸರೆಯ ಸೈಕಲ್ ಶಾಪಿನವರು ನೆನಪಾದರು.

ಎಂಟು ವರ್ಷದ ಹಿಂದಿನ ಮಾತು. ಚಾಮುಂಡಿ ಬೆಟ್ಟ ಹತ್ತಿ ಇಳಿಯುವ ಹುಚ್ಚು ನನಗೆ. ಬ್ರೇಕ್ ಹಿಡಿದರೆ ಮುಂದುಗಡೆ ಕಟಕಟ ಸದ್ದು ಬರುತ್ತದೆಂದು ಅವರ ಬಳಿ ಹೋಗಿದ್ದೆ. ಅವರು ಫೋರ್ಕಿಗೆ ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿದರು. ಸ್ವಲ್ಪ ಹೊತ್ತಿಗೆ ಸುಣ್ಣದ ಮೇಲೆ ಕೂದಲೆಳೆಯಷ್ಟು ಒದ್ದೆ ಗೆರೆ ಮೂಡಿತು.

"ಕ್ರ್ಯಾಕ್ ಬುಟ್ಟದೆ ಸಾರ್, ಒಳಗಿಳಿದ ಎಣ್ಣೆ ಆಚೆ ಬತ್ತಾದೆ ನೋಡಿ. ಬೆಟ್ಟ ಇಳಿಯೋವಾಗ ಮುರುದ್ರೆ ಮುಖ ಉಳಿಯಲ್ಲ. ಸಾದಾ ಫೋರ್ಕ್ ಹಾಕ್ಕೊಡ್ತೀನಿ. ಇದನ್ನ ಇಲ್ಲೇ ಬುಡಿ, ಗರಗಸದಲ್ಲಿ ಎರಡು ತುಂಡು ಮಾಡ್ತೀನಿ."

ತುಂಡು ಮಾಡುವುದು ಅವರ ಪದ್ಧತಿಯಂತೆ. ಗುಜರಿಗೆ ಹೋದದ್ದು ಇನ್ಯಾರದೋ ಸೈಕಲ್ಲಿಗೆ ಬಂದು ಕೂರಬಾರದಂತೆ. ನಾನೋ ತರಕಾರಿಯವರ ತಕ್ಕಡಿಯನ್ನೂ ಬಗ್ಗಿ ನೋಡುವವನು. ಎಣ್ಣೆ ಹಚ್ಚಿದ ಕಡೆ ಒದ್ದೆ ಗೆರೆ ಮೂಡುವುದೇನು ಮಹಾ? ಒಳ್ಳೆಯ ಮಾಲು ಹೊಡೆದುಕೊಳ್ಳಲು ಇದೊಂದು ನೆವ ಅಂದುಕೊಂಡೆ. ಭಯಕ್ಕೆ ಸಾದಾ ಫೋರ್ಕ್ ಹಾಕಿಸಿಕೊಂಡೆ, ಅನುಮಾನಕ್ಕೆ ಹಳೆಯದನ್ನು ಮನೆಗೆ ಹೊತ್ತು ತಂದೆ.

ತಿಂಗಳಾದ ಮೇಲೆ ಅವರೇ ಮನೆ ಹುಡುಕಿಕೊಂಡು ಬಂದರು. "ಆ ಫೋರ್ಕ್ ಎಲ್ಲೂ ಹಾಕಿಸಿಲ್ಲ ತಾನೇ ಸಾರ್? ನಂಗೆ ಕೊಟ್ಬುಡಿ." ಕೆಲಸ ಬಿಟ್ಟು ಇಷ್ಟು ದೂರ ಯಾರಾದರೂ ಸುಮ್ಮನೆ ಬರುತ್ತಾರೆಯೇ? ನನ್ನ ಅನುಮಾನ ಗಟ್ಟಿಯಾಯಿತು. ಬಾಗಿಲಲ್ಲೇ ನಿಲ್ಲಿಸಿ, "ಮಾರಿಬಿಟ್ಟೆ. ಮೇಟಗಳ್ಳಿ ಫ್ಯಾಕ್ಟರಿಯವನ್ಯಾರೋ ತಗೊಂಡ" ಎಂದು ಸುಳ್ಳು ಹೇಳಿದೆ. ಅವರ ಮುಖ ಸಣ್ಣಗಾಯಿತು. ಕಳ್ಳ ಸಿಕ್ಕಿಬಿದ್ದ ಎಂದು ಒಳಗೊಳಗೇ ಬೀಗಿದೆ.

ಕಳೆದ ಭಾನುವಾರ ಅದೇ ಫೋರ್ಕನ್ನು ಅಟ್ಟದಿಂದಿಳಿಸಿ ಬಿಸಿಲಿಗೆ ಹಿಡಿದೆ. ತುಕ್ಕು ತಿಂದು ಬಿರುಕು ಅಗಲವಾಗಿತ್ತು, ಉಗುರು ಸಿಕ್ಕುವಷ್ಟು... ನಾಚಿಕೆಯಾಯಿತು. ತಪ್ಪೊಪ್ಪಿಕೊಳ್ಳೋಣವೆಂದು ಕೆಸರೆಗೆ ಹೋದೆ. ಶಾಪಿದ್ದ ಜಾಗದಲ್ಲಿ ಅವರ ಹೆಂಡತಿ ಹೂವು ಕಟ್ಟುತ್ತಾ ಕೂತಿದ್ದರು. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತಂತೆ. ನಾನು ಹಳೆಯ ಗಿರಾಕಿ, ಸಾದಾ ಫೋರ್ಕ್ ಹಾಕಿಸಿಕೊಂಡಿದ್ದೆ ಎಂದಷ್ಟೇ ಹೇಳಿದೆ.

"ಅಯ್ಯೋ, ಫೋರ್ಕ್ ಅಂದ್ರೆ ಅವ್ರಿಗೆ ಒಂದು ವರ್ಷ ಅದೇನು ಹುಚ್ಚು ಹಿಡಿದಿತ್ತೋ ಕಣ್ರೀ," ಎಂದರು ಆಕೆ. "ಮಂಗಳವಾರ ರಜಾ ಬಂದ್ರೆ ಸಾಕು, ಮೇಟಗಳ್ಳೀಲಿ ಫ್ಯಾಕ್ಟರಿ ಗೇಟ್ ಮುಂದೆ ಹೋಗಿ ನಿಂತ್ಕೊಳ್ಳೋರು. ಶಿಫ್ಟ್ ಬುಟ್ಟಾಗ ಒಂದೊಂದು ಸೈಕಲ್ಲೂ ನೋಡೋರು. ಕ್ರ್ಯಾಕ್ ಇರೋದನ್ನ ಯಾರೋ ಹಾಕ್ಕೊಂಡವ್ರೆ, ಬಿದ್ದು ಸತ್ತೋಯ್ತಾರೆ ಅನ್ನೋರು. ಕಾಲು ಊದ್ಕೊಂಡ್ರೂ ಹೋಗೋದು ಬುಡ್ಲಿಲ್ಲ."

"ಸಿಕ್ತಾ?" ಎಂದು ಬಾಯಿಗೆ ಬಂದುಬಿಟ್ಟಿತು.

"ಎಲ್ಲಿ ಸಿಗುತ್ತೆ?"

ಮಾರಿಯೇ ಇಲ್ಲ ಎಂಬ ಒಂದು ಮಾತು ಅವರಿಗೆ ಹೇಳಿದ್ದರೆ ಸಾಕಿತ್ತು. ಅವರ ಹೆಂಡತಿಗೂ ಅದನ್ನು ಹೇಳಲಾಗದೆ ಎದ್ದು ಬಂದೆ.