ಕಾವಿಗೆ ಕುಂತವರು

ನನ್ನ ಮದುವೆಯಾದ ವರ್ಷ ಅತ್ತೆ ತಮ್ಮ ಮಗಳ ಬಾಣಂತನಕ್ಕೆಂದು ಸಾಲಹಳ್ಳಿಗೆ ಹೋದರು. ಮುರಗೋಡದ ಮನೆಯಲ್ಲಿ ಉಳಿದವರು ಮಾವ, ಗಂಡ, ನಾನು ಮತ್ತು ಅತ್ತೆಯ ಕೋಳಿಗಳು. ನಾನು ಬೈಲಹೊಂಗಲದ ಪೇಟೆಯಲ್ಲಿ ಬೆಳೆದವಳು. ಕೋಳಿಯ ಪರಿಚಯ ಏನಿದ್ದರೂ ಸಾರಿನಲ್ಲಿ. ಅತ್ತೆ ಬಸ್ಸು ಹತ್ತುವಾಗ, "ನಾ ಬರೂತನಕ ಮನಿ ಬಿಡಬ್ಯಾಡ. ಕೋಳಿ ನಿನ್ನ ಮ್ಯಾಲ ಬಿಟ್ಟೇನಿ," ಎಂದರು.

ನಾಗರ ಅಮಾವಾಸ್ಯೆಗೆ ಬಂದೇಬಿಡುತ್ತೇನೆ ಎಂದೂ ಹೇಳಿದ್ದರು. ನನಗೆ ಬೇಕಾದದ್ದೂ ಅಷ್ಟೇ. ಮದುವೆಯ ನಂತರದ ಮೊದಲ ಪಂಚಮಿ. ಅಣ್ಣ ಕರೆಯಲು ಬರುತ್ತಾನೆ, ತವರಿನ ಜೋಕಾಲಿ, ಅವ್ವನ ಕೈಯ ಉಂಡಿ. ಆ ಒಂದು ಆಸೆಯ ಮೇಲೆ ಜೀವ ಹಿಡಿದುಕೊಂಡಿದ್ದೆ.

ಅಷ್ಟರಲ್ಲಿ ಕರಿ ಕೋಳಿ ತತ್ತಿ ಇಡುವುದನ್ನು ನಿಲ್ಲಿಸಿತು. ಕಟ್ಟಿಗೆ ಒಟ್ಟಿದ ಮೂಲೆಯಲ್ಲಿ ಮೈ ಉಬ್ಬಿಸಿ ಕುಳಿತುಬಿಟ್ಟಿತು. ಕಾಳು ಚೆಲ್ಲಿದರೆ ಏಳದು, ಕೈ ಒಯ್ದರೆ ಕುರ್ರೆಂದು ಕುಕ್ಕುವುದು. ಏನೋ ರೋಗ ಬಂತು, ನನ್ನ ಪಂಚಮಿಯೂ ಹೋಯಿತು ಎಂದು ಅಳುವುದೊಂದೇ ಬಾಕಿ. ಮಗ್ಗುಲ ಮನೆಯ ಮುದುಕಿ ಬಂದು ನೋಡಿ ನಕ್ಕಳು. ಕೋಳಿ ಕಾವಿಗೆ ಕೂತಿದೆಯಂತೆ; ಮರಿ ಮಾಡುವ ಹುಚ್ಚಂತೆ, ಬಿಡಿಸದಿದ್ದರೆ ತತ್ತಿ ಇಡುವುದಿಲ್ಲವಂತೆ. ಇಟ್ಟ ತತ್ತಿಗಳನ್ನೆಲ್ಲ ನಾವು ಆಗಲೇ ತಿಂದು ಮುಗಿಸಿದ್ದೆವು. ಮತ್ತೆ ಯಾವುದರ ಮೇಲೆ ಕೂತಿದೆ ಎಂದು ಎತ್ತಿ ನೋಡಿದರೆ, ಕೆಳಗೆ ಒಂದು ಉಳ್ಳಾಗಡ್ಡಿ.

ಮುದುಕಿ ಹೇಳಿದ ಮದ್ದೆಲ್ಲ ಮಾಡಿದೆವು. ತಣ್ಣೀರಿನ ಬಕೀಟಿನಲ್ಲಿ ಮುಳುಗಿಸಿ ತೆಗೆದೆವು. ಅದರದೇ ಒಂದು ಪುಕ್ಕ ಕಿತ್ತು ಮೂಗಿನಲ್ಲಿ ತೂರಿಸಿದೆವು. ಕೋಳಿ ಮೈ ಝಾಡಿಸಿಕೊಂಡು, ಮೂಗುತಿ ಇಟ್ಟ ಮದುಮಗಳಂತೆ ಗಂಭೀರವಾಗಿ ನಡೆದುಹೋಗಿ ಮತ್ತೆ ಉಳ್ಳಾಗಡ್ಡಿಯ ಮೇಲೆ ಕುಳಿತಿತು. ಕೊನೆಗೆ ಉಳ್ಳಾಗಡ್ಡಿಯೇ ಹಸಿರು ಮೊಳಕೆ ಬಿಟ್ಟಿತು. ಅಂತೂ ಏನೋ ಒಂದು ಹುಟ್ಟಿಸಿತಲ್ಲ ಎಂದರು ಮಾವ.

ಅಮಾವಾಸ್ಯೆ ಬಂತು, ಅತ್ತೆ ಬರಲಿಲ್ಲ. ಕರೆತರಲು ಹೋದ ಮಾವ ಒಬ್ಬರೇ ತಿರುಗಿ ಬಂದರು. ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಅಗ್ಗಿಷ್ಟಿಕೆಯ ಪಕ್ಕ ಕೂತಿದ್ದರಂತೆ. ಯಾರು ಹತ್ತಿರ ಹೋದರೂ ಮೈಮೇಲೇ ಬರುತ್ತಿದ್ದರಂತೆ.

"ಅಕೀನೂ ಕಾವಿಗೆ ಕುಂತಾಳವಾ. ನೀರಾಗ ಮುಳಗಸಾಕ ನನಗ ಧೈರ್ಯ ಸಾಲಲಿಲ್ಲ."

ಅಣ್ಣ ಬರುವ ಹಿಂದಿನ ದಿನ ನನಗೆ ತಡೆಯಲಾಗಲಿಲ್ಲ. ಕಿರಾಣಿ ಅಂಗಡಿಗೆ ಹೋಗಿ ಸಾಲಹಳ್ಳಿಗೆ ಫೋನು ಹಚ್ಚಿದೆ. ಹಚ್ಚಿದ್ದೇನೋ ಹೌದು, ಪಂಚಮಿಯ ಮಾತೆತ್ತಲು ಬಾಯಿ ಬರಲಿಲ್ಲ. ಗಾಬರಿಯಲ್ಲಿ ಕರಿ ಕೋಳಿಯನ್ನು ನೀರಿಗೆ ಹಾಕಿದ್ದು, ಪುಕ್ಕ ತೂರಿಸಿದ್ದು ಎಲ್ಲ ಒದರಿಬಿಟ್ಟೆ. ಆ ಕಡೆ ಫೋನು ಕುಕ್ಕಿದ ಸದ್ದಾಯಿತು.

ಮರುದಿನ ಮೊದಲ ಬಸ್ಸಿಗೇ ಅತ್ತೆ ಇಳಿದರು. ನಮ್ಮ ಮುಖವನ್ನೂ ನೋಡದೆ ಕೋಳಿಯ ಮೈಯನ್ನು ಸೆರಗಿನಿಂದ ಒರೆಸಿ, ಮಗ್ಗುಲ ಮನೆಯಿಂದ ತತ್ತಿ ತಂದು ಅದರ ಕೆಳಗಿಟ್ಟರು. ಆಮೇಲೆ ಮಾವನ ಕಡೆ ತಿರುಗಿದರು.

"ಕುಂದರತೇನಿ ಅಂದ್ರ ಕುಂದರಾಕ ಬಿಡಬೇಕು. ಎಬ್ಬಸಾಕ ನೀವ್ಯಾರು?"

ಆ ಬೈಗುಳ ಮುಗಿಯುವುದರೊಳಗೆ ನಾನು ಅಣ್ಣನ ಜೊತೆ ಬಸ್ಸು ಹತ್ತಿದ್ದೆ.

ಬೈಲಹೊಂಗಲದಲ್ಲಿ ಉಂಡಿ ತಿಂದೆ, ಜೋಕಾಲಿ ಜೀಕಿದೆ. ಪಂಚಮಿ ಮುಗಿದರೂ ನಾನು ಏಳಲಿಲ್ಲ. ಒಲೆಯ ಮುಂದೆ ಅವ್ವನಿಗೆ ಆತು ಕೂತರೆ ಎಷ್ಟು ಹಾಯೆನಿಸುತ್ತಿತ್ತೆಂದರೆ, ಗಂಡ ಕರೆಯಲು ಬಂದಾಗ ನಿಜಕ್ಕೂ ಸಿಟ್ಟು ಬಂತು. ಇವತ್ತು ಮಂಗಳವಾರ ಎಂದೆ, ತಲೆನೋವು ಎಂದೆ, ಸೀರೆ ಒಣಗಿಲ್ಲ ಎಂದೆ. ಅವರು ಅಂಗಿಯ ಕಿಸೆಯಿಂದ ಪೇಪರಿನ ಪೊಟ್ಟಣ ತೆಗೆದು ನನ್ನ ಮುಂದೆ ಬಿಚ್ಚಿದರು. ಒಳಗೆ ಒಂದು ಕರಿ ಪುಕ್ಕ. ಮಾವ ಕೊಟ್ಟು ಕಳಿಸಿದ್ದು.

"ಇದನ್ನ ಸಾಲಹಳ್ಳಿಗೆ ನಿಮ್ಮವ್ವಗ ಒಯ್ಯಾಕ ಆಗಲಿಲ್ಲೇನ್ರಿ?" ಎಂದೆ.

ಅತ್ತೆ ಅಲ್ಲಿ ಮುರಗೋಡದಲ್ಲಿದ್ದರೂ ಗಂಡ ಒಮ್ಮೆ ಬಾಗಿಲ ಕಡೆ ನೋಡಿ, ಮೆಲ್ಲಗೆ ಮಾತಾಡು ಎಂದರು. ನಾನು ಮೂಗು ಮುಚ್ಚಿಕೊಂಡು ಚೀಲ ತುಂಬಲು ಎದ್ದೆ.