ಬೆಟ್ಟಕ್ಕೆ ಕಟ್ಟಿದ ಬೇವು

ಮುಳಬಾಗಿಲು ಕಡೆಯ ನಮ್ಮ ಬೆಟ್ಟಕ್ಕೊಬ್ಬ ಫಾರೆಸ್ಟ್ ಗಾರ್ಡು ಇದ್ದರು ಎಂದು ಈಗಲೂ ಎದೆಯುಬ್ಬಿಸಿ ಹೇಳುತ್ತೇನೆ. ಮಾತಾಡುವ ಮೊದಲು ಖಾಕಿ ಟೋಪಿ ತೆಗೆದು ಒಮ್ಮೆ ಕೊಡವುವುದು ಅವರ ಅಭ್ಯಾಸ.

ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬಿತ್ತು. ಪೊದೆಗಳು ಸುಟ್ಟು, ಒಳಗೆ ಅಡಗಿದ್ದ ಪಾಂಡವರ ಮನೆಗಳು, ಅಂದರೆ ಸಾವಿರಾರು ವರ್ಷ ಹಳೆಯ ಕಲ್ಲುಸಮಾಧಿಗಳು, ಬಯಲಾದವು. ನಿಧಿ ಅಗೆಯುವವರ, ಚಪ್ಪಡಿ ಬೇಕಾದವರ ಕಣ್ಣೆಲ್ಲ ಅವುಗಳ ಮೇಲೆಯೇ ಬಿತ್ತು. ಕಾಯಲು ಗಾರ್ಡು ಒಬ್ಬರೇ.

ಅವರು ಬೆಟ್ಟದ ದಾರಿಗೆ ಅಡ್ಡಲಾಗಿ ಬೇವಿನ ಸೊಪ್ಪು ಕಟ್ಟಿದರು, ಅಮ್ಮ ಎದ್ದ, ಅಂದರೆ ಸಿಡುಬು ಬಂದ, ಮನೆಯ ಬಾಗಿಲಿಗೆ ಕಟ್ಟುವಂತೆ. ಒಣಗಿದಂತೆಲ್ಲ ಹೊಸದು ಕಟ್ಟಿದರು. ಕೇಳಿದವರಿಗೆಲ್ಲ ಒಂದೇ ಮಾತು: "ಬೆಟ್ಟಕ್ಕೆ ಅಮ್ಮ ಆಗೈತೆ ಕಣ್ರಪ್ಪಾ, ಒಳಕ್ಕೆ ಹೋಗಬ್ಯಾಡಿ."

ಒಂದು ದಿನ ಕೊಟ್ಟಿಗೆಗೆಂದು ಆ ಸಮಾಧಿಗಳ ಚಪ್ಪಡಿ ಹೇರಿಕೊಳ್ಳಲು ನಮ್ಮ ದೊಡ್ಡಪ್ಪನೇ ಟ್ರ್ಯಾಕ್ಟರ್ ತಂದರು. ಊರಲ್ಲಿ ಅವರಿಗೆ ಎದುರಾಡಿದವರಿಲ್ಲ.

"ಸರ್ಕಾರಿ ಬೆಟ್ಟ, ನಿಮ್ಮಪ್ಪಂದೇನಯ್ಯಾ?"

ಗಾರ್ಡು ಟೋಪಿ ಕೊಡವಿದರು. "ಅಮ್ಮ ಇರೋ ಮನೇಗೆ ಚಪ್ಪಲಿ ಮೆಟ್ಕೊಂಡು ನುಗ್ತೀರಾ ಯಜಮಾನ್ರೇ?"

ದೊಡ್ಡಪ್ಪ ಬೇವನ್ನೇ ನೋಡುತ್ತ ನಿಂತರು. ಆಮೇಲೆ ಟ್ರ್ಯಾಕ್ಟರ್ ತಿರುಗಿಸಿದರು.

ಮುಂಗಾರು ಸುರಿದು ಹುಲ್ಲೆದ್ದಿತು. ಗೌಜಲಕ್ಕಿಗಳು ಮರಿಗಳೊಂದಿಗೆ ಕಲ್ಲುಮನೆಗಳ ನೆರಳಿಗೆ ಮರಳಿದವು. ಒಂದು ಚಪ್ಪಡಿಯೂ ಅಲುಗಿರಲಿಲ್ಲ. "ಅಮ್ಮ ಇಳಿದು ಬೆಟ್ಟಕ್ಕೆ ತಲೆಗೆ ನೀರು ಬಿತ್ತು, ಇನ್ನು ಬನ್ನಿ" ಎಂದು ಗಾರ್ಡು ಬೇವು ಬಿಚ್ಚಿದರು.

ಮೊದಲು ಹತ್ತಿದವರು ದೊಡ್ಡಪ್ಪ, ಬರಿಗಾಲಲ್ಲಿ.