ಎರಡನೇ ಗುರುವಾರದ ಮೊರೊಹಾಶಿ

ಜಪಾನಿನ ಷಿನಾನೊ ನದಿಯ ದಂಡೆಯ ಆ ಪಟ್ಟಣದಲ್ಲಿ ಏಳು ಮಹಡಿಯ ದೊಡ್ಡ ಅಂಗಡಿ ಅಂತ ಉಳಿದಿದ್ದು ಒಂದೇ. ಮೊರೊಹಾಶಿ ಇಪ್ಪತ್ತಾರು ವರ್ಷಗಳಿಂದ ಅದರ ನೌಕರ. ಆದರೆ ಅಂಗಡಿಯೊಳಗೆ ನಿಂತು ಮಾರುವವನಲ್ಲ. ಊರಿನ ಸ್ಥಿತಿವಂತರ ಮನೆಗಳಿಗೆ ಹೋಗಿ, ಅವರ ಚಾಪೆಯ ಮೇಲೆ ಮಂಡಿಯೂರಿ ಕೂತು, ಅವರು ಕೇಳಿದ್ದನ್ನೂ ಕೇಳದೇ ಇದ್ದುದನ್ನೂ ಬಿಚ್ಚಿ ತೋರಿಸುವುದು ಅವನ ಕೆಲಸ.

ಈ ಕೆಲಸದವರು ಯಾವಾಗಲೂ ಒಂದು ಋತು ಮುಂದಕ್ಕೇ ಬದುಕಬೇಕು. ಜುಲೈನಲ್ಲಿ ಕತ್ತಿನ ಬೆವರು ಒರೆಸಿಕೊಳ್ಳುತ್ತ ಉಣ್ಣೆಯ ಕೋಟಿನ ಗುಣಗಾನ ಮಾಡಬೇಕು. ಎಲೆ ಕೆಂಪಾಗುವ ಮೊದಲೇ ಹೊಸ ವರ್ಷದ ಹಬ್ಬದಡುಗೆಗೆ ಹೆಸರು ಬರೆಸಿಕೊಳ್ಳಬೇಕು. ಸೊಂಟದೆತ್ತರ ಹಿಮ ಬಿದ್ದಿರುವಾಗ ವಸಂತದ ಶಾಲು ಹರಡಬೇಕು. ಅವನ ಹೆಂಡತಿ ಇಕುಯೊ ಸೂಪರ್‌ಮಾರ್ಕೆಟ್ಟಿನ ಅಡುಗೆ ವಿಭಾಗದಲ್ಲಿ ಬೋಂಡಾ ಕರಿಯುವವಳು. "ನಿಮ್ಮ ಜೊತೆ ಕೂತ್ರೆ ಇವತ್ತು ಯಾವ ತಿಂಗಳು ಅಂತಾನೇ ಮರೆತುಹೋಗತ್ತೆ," ಎನ್ನುತ್ತಿದ್ದಳು. ಅವಳ ಒಂದೇ ಒಂದು ರವಿಕೆಯೂ ಗಂಡನ ಅಂಗಡಿಯದಲ್ಲ. ಎಲ್ಲ ಫೋನಿನಲ್ಲಿ ತರಿಸಿಕೊಂಡದ್ದು. ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗುತ್ತಿರಲಿಲ್ಲ.

ಕಾಲವೇ ಹಾಗಾಗಿತ್ತು. ಹಿಂದೆ ನಡು ಬೇಸಿಗೆಯಲ್ಲೊಮ್ಮೆ, ವರ್ಷದ ಕೊನೆಗೊಮ್ಮೆ, ಒಂದೊಂದು ಮನೆಯಿಂದ ಅಂಗಡಿಯ ಮೂಲಕ ನಲವತ್ತು ಐವತ್ತು ವಿಳಾಸಗಳಿಗೆ ಉಡುಗೊರೆ ಹೋಗುತ್ತಿತ್ತು. ಈಗ ಜನ ಒಬ್ಬರಿಗೊಬ್ಬರು ಕಾಗದ ಬರೆದು, ಕೊಡುವುದು ತಗೊಳ್ಳುವುದು ಇಲ್ಲಿಗೆ ನಿಲ್ಲಿಸೋಣ ಎಂದು ಮರ್ಯಾದೆಯಿಂದ ಕೈತೊಳೆದುಕೊಳ್ಳುತ್ತಿದ್ದರು. ಬೇಸಿಗೆ ಅಕ್ಟೋಬರಿನವರೆಗೂ ಚಾಚಿಕೊಂಡು, ಶರತ್ಕಾಲದ ಬಟ್ಟೆಯನ್ನು ಕೇಳುವವರೇ ಇರಲಿಲ್ಲ. ಮೊರೊಹಾಶಿಯ ಕೈಯಲ್ಲಿದ್ದ ಅರವತ್ತು ಮನೆಗಳಲ್ಲಿ ಹತ್ತೊಂಬತ್ತು ಉಳಿದಿದ್ದವು. ಅವುಗಳಲ್ಲಿ ಒಂದು ಋತುವೂ ಕೈಬಿಡದಿದ್ದ ಮನೆ ಹಲ್ಲಿನ ಡಾಕ್ಟರ್ ಕುವಾಬಾರಾ ಅವರದು.

ಡಾಕ್ಟರ ಹೆಂಡತಿ ಚಿಜುರು ಅರವತ್ತೆರಡರ ಹೆಂಗಸು. ಮುಂದೆ ಗಂಡನ ಆಸ್ಪತ್ರೆ, ಹಿಂದೆ ಎರಡು ಅಂತಸ್ತಿನ ಮನೆ. ವಾರವೆಲ್ಲ ಆಸ್ಪತ್ರೆಯ ಗಾಜಿನ ಕಿಂಡಿಯ ಹಿಂದೆ ಕೂತು ರೋಗಿಗಳ ಹೆಸರು ಕರೆಯುವುದು ಆಕೆಯ ಕೆಲಸ. ಗುರುವಾರ ರಜೆ, ಡಾಕ್ಟರು ಮೀನು ಹಿಡಿಯಲು ಹೋಗಿಬಿಡುತ್ತಿದ್ದರು. ಪ್ರತಿ ತಿಂಗಳ ಎರಡನೇ ಗುರುವಾರ, ಮಧ್ಯಾಹ್ನ ಎರಡು ಗಂಟೆಗೆ, ಮೊರೊಹಾಶಿ ಅಲ್ಲಿಗೆ ಹೋಗುತ್ತಿದ್ದ. ಹನ್ನೊಂದು ವರ್ಷದ ಹಿಂದೆ ಆಕೆಯ ಅತ್ತೆ ವರ್ಷದ ಕೊನೆಯ ದಿನಗಳಲ್ಲಿ ತೀರಿಕೊಂಡಾಗ, ಊರೆಲ್ಲ ಬಾಗಿಲು ಹಾಕಿದ್ದರೂ ಅವನು ಎಲ್ಲೆಲ್ಲಿಂದಲೋ ಸೂತಕದ ಉಡುಪು ಹೊಂದಿಸಿ ತಂದಿದ್ದ. ಹಿಮದಲ್ಲಿ ಎರಡು ದಿನ ಬಾಗಿಲಲ್ಲಿ ನಿಂತು ಬಂದವರ ಚಪ್ಪಲಿ ಜೋಡಿಸಿದ್ದ. ಚಿಜುರು ಅದನ್ನು ಮರೆತಿರಲಿಲ್ಲ. ಅವನು ಏನು ಬಿಚ್ಚಿದರೂ ಆಕೆಯದು ಒಂದೇ ಮಾತು: "ನೀವು ತಂದಿದ್ದೀರಿ ಅಂದ್ಮೇಲೆ ಚೆನ್ನಾಗೇ ಇರತ್ತೆ. ಇಟ್ಟು ಹೋಗಿ."

ಆ ಆಗಸ್ಟಿನಲ್ಲಿ ಚಿಜುರು ಮೆಟ್ಟಿಲು ತಪ್ಪಿ ಪಾದ ಉಳುಕಿಸಿಕೊಂಡಿದ್ದಳು. ಮೊರೊಹಾಶಿ ತಂದ ಪೆಟ್ಟಿಗೆಯನ್ನು ನೋಡಿ, "ನೀವೇ ಮೇಲೆ ಹಿಂದಿನ ಕೋಣೇಲಿ ಇಟ್ಟುಬಿಡ್ತೀರಾ? ನನ್ನ ಕಾಲು ಹತ್ತಲ್ಲ," ಅಂದಳು. ಅಂದ ಮರುಕ್ಷಣ ಬೇಡವೆನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಅರ್ಧ ಮೆಟ್ಟಿಲು ಹತ್ತಿಯಾಗಿತ್ತು.

ಕೋಣೆಯ ಬಾಗಿಲು ಜಾರಿಸಿದ ಮೊರೊಹಾಶಿ ಅಲ್ಲೇ ನಿಂತ. ನೆಲದಿಂದ ಸೂರಿನವರೆಗೆ ಪೆಟ್ಟಿಗೆಗಳು. ಪ್ರತಿಯೊಂದಕ್ಕೂ ಅಂಗಡಿಯ ಕಾಗದ ಸುತ್ತಿತ್ತು. ಪ್ಲಮ್ ಹೂವಿನ ಕಾಗದ, ಬೀಸಣಿಗೆಯ ಕಾಗದ, ಮೇಪಲ್ ಎಲೆಯ ಕಾಗದ. ಯಾವ ಕಾಗದ ಯಾವ ವರ್ಷದ್ದೆಂದು ಅವನಿಗೆ ನೋಡಿದರೇ ಗೊತ್ತಾಗುತ್ತಿತ್ತು. ಅಂಟಿಸಿದ ಚೀಟಿಗಳ ಮೇಲೆ ಅವನದೇ ಅಕ್ಷರ. ಒಂದರ ದಾರವನ್ನೂ ಬಿಚ್ಚಿರಲಿಲ್ಲ. ಮೂರು ವರ್ಷದ ಹಿಂದೆ ಮುಕ್ಕಾಲು ಗಂಟೆ ವರ್ಣಿಸಿ ಒಪ್ಪಿಸಿದ್ದ ಕಾಶ್ಮೀರದ ಉಣ್ಣೆಯ ಶಾಲಿನ ಪೆಟ್ಟಿಗೆ ಕಿಟಕಿಯ ಪಕ್ಕ ಬಿಸಿಲಿಗೆ ಬಿದ್ದು, ಒಂದು ಮಗ್ಗುಲು ಬಣ್ಣ ಕಳೆದುಕೊಂಡಿತ್ತು.

ಕೆಳಗಿಳಿದು ಬಂದಾಗ ಚಿಜುರು ತಣ್ಣಗಿನ ಬಾರ್ಲಿ ಚಹಾ ಬಗ್ಗಿಸುತ್ತಿದ್ದಳು.

"ನೋಡಿದ್ರಿ," ಅಂದಳು.

"ಯಾವುದೂ ಹಿಡಿಸಲಿಲ್ವಾ, ಅಮ್ಮಾವ್ರೇ?"

"ಹಿಡಿಸದೇ ಏನು. ಬಿಚ್ಚಬೇಕು ಅನ್ನಿಸಲಿಲ್ಲ, ಅಷ್ಟೆ."

"ಮತ್ತೆ ಯಾಕೆ ತಗೊಂಡ್ರಿ?"

ಚಿಜುರು ಲೋಟವನ್ನು ಅವನ ಮುಂದೆ ಸರಿಸಿದಳು. "ಅಷ್ಟು ದೂರದಿಂದ ಹೊತ್ಕೊಂಡು ಬರ್ತೀರಿ. ವಾಪಸ್ ಹೊತ್ಕೊಂಡು ಹೋಗೋದನ್ನ ಹ್ಯಾಗೆ ನೋಡ್ಲಿ? ನಾನು ಬೇಡ ಅಂದ್ರೆ ನಿಮಗೆ ಅಂಗಡೀಲಿ ಮಾತು ಬರಲ್ವಾ?"

"ನಾನು ತರದೇ ಇದ್ರೆ ನಿಮಗೆ ಬೇಜಾರಾಗತ್ತೆ ಅಂದ್ಕೊಂಡು ತರ್ತಿದ್ದೆ," ಅಂದ ಮೊರೊಹಾಶಿ. "ಕೈಬಿಟ್ರು ಅಂದ್ಕೊಳ್ತೀರೇನೋ ಅಂತ."

ಚಿಜುರುಗೆ ನಗು ಬಂತು. ಅವನೂ ನಕ್ಕ. ನಕ್ಕು ಮುಗಿದ ಮೇಲೆ ಇಬ್ಬರಿಗೂ ಎತ್ತ ನೋಡಬೇಕೆಂದು ತಿಳಿಯಲಿಲ್ಲ. ಹೊರಗೆ ಜೀರುಂಡೆಗಳು ಕಿರುಚುತ್ತಿದ್ದವು.

ಹೊರಡುವಾಗ ಅವನು ಬಾಗಿಲಲ್ಲಿ ತಗ್ಗಿದ ದನಿಯಲ್ಲಿ ಹೇಳಿದ: "ಮುಂದಿನ ತಿಂಗಳು ಹೋಟೆಲಿನಲ್ಲಿ ನಮ್ಮ ಅಂಗಡೀದು ವಿಶೇಷ ಮಾರಾಟ ಇದೆ. ಆಮಂತ್ರಣ ಬರತ್ತೆ. ನೀವು ಬರಬೇಡಿ. ಕಾಲು ನೋವು ಅಂತ ಹೇಳಿಬಿಡಿ."

"ನಿಮಗೆ ತೊಂದರೆ ಆಗಲ್ವಾ?"

"ನಂಗೇನು ತೊಂದರೆ."

ಸೆಪ್ಟೆಂಬರಿನ ಮಾರಾಟ ಮೂರು ದಿನದ್ದು. ಹೋಟೆಲಿನ ದೊಡ್ಡ ಸಭಾಂಗಣದಲ್ಲಿ ಪ್ರತಿ ಗಿರಾಕಿಗೂ ಹೆಸರು ಬರೆದ ಕುರ್ಚಿ ಇಟ್ಟಿದ್ದರು. ಮೊದಲ ದಿನ ಕುವಾಬಾರಾ ಅವರ ಕುರ್ಚಿ ಖಾಲಿ ಉಳಿಯಿತು. ವಿಭಾಗದ ಮುಖ್ಯಸ್ಥ ನೆಜು ಮೊರೊಹಾಶಿಗಿಂತ ಆರು ವರ್ಷ ಚಿಕ್ಕವನು. ಅವನು ಆ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ಕೇಳಿದ: "ಏನ್ರೀ ಇದು, ಮೊರೊಹಾಶಿ? ಇವರು ಬರದೇ ಇದ್ದ ವರ್ಷಾನೇ ಇಲ್ವಲ್ಲ."

"ಕಾಲು ಉಳುಕಿದೆ."

"ಕಾಲು ತಾನೇ? ಕಾರು ಇದೆಯಲ್ಲ ನಮ್ಮದು."

ಮರುದಿನ ಬೆಳಗ್ಗೆ ನೆಜು ತಾನೇ ಹಣ್ಣಿನ ಬುಟ್ಟಿ ಹಿಡಿದು ಡಾಕ್ಟರ ಮನೆಗೆ ಹೋದ. ನಮ್ಮ ಮೊರೊಹಾಶಿಯಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಬೇಕು ಎಂದು ಹಣೆ ಚಾಪೆಗೆ ತಾಗುವಷ್ಟು ಬಾಗಿದನಂತೆ. ಹಿಂತಿರುಗಿದಾಗ ಮುಖದಲ್ಲಿ ಗೆಲುವು. "ನಾಳೆ ಬರ್ತಾರೆ," ಅಂದ. "ನೀವು ಕೇಳೋ ರೀತೀಲಿ ಕೇಳಿಲ್ಲ, ಅಷ್ಟೇ."

ಕೊನೆಯ ದಿನ ಚಿಜುರು ಕೋಲೂರಿಕೊಂಡು ಬಂದಳು. ಹೊರಗೆ ಉರಿಬಿಸಿಲು, ಒಳಗೆ ಹಲ್ಲು ಕಟಕಟಿಸುವಷ್ಟು ತಂಪು. ಅವಳನ್ನು ತುಪ್ಪಳದ ಕೋಟುಗಳ ಮುಂದೆ ಕೂರಿಸಿದರು. ಒಂದು ಮಗ್ಗುಲಿಗೆ ನೆಜು, ಇನ್ನೊಂದು ಮಗ್ಗುಲಿಗೆ ಮೊರೊಹಾಶಿ. ಮಾರುವ ಹುಡುಗಿ ಕರಿ ತುಪ್ಪಳದ ಕೊರಳಪಟ್ಟಿಯ ಕೋಟನ್ನು ಆಕೆಯ ಹೆಗಲಿಗೇರಿಸಿ ಕನ್ನಡಿಯತ್ತ ತಿರುಗಿಸಿದಳು. ಆ ಭಾರಕ್ಕೆ ಚಿಜುರುವಿನ ಭುಜ ಕುಸಿದಂತೆ ಕಂಡಿತು. ಆಕೆ ಕನ್ನಡಿಯೊಳಗಿಂದ ಮೊರೊಹಾಶಿಯನ್ನೇ ನೋಡಿದಳು. ಬೇಡ ಅನ್ನಲೇ ಎಂದು ಆ ಕಣ್ಣು ಕೇಳುತ್ತಿತ್ತು. ನೆಜು ಕೂಡ ಅವನನ್ನೇ ನೋಡುತ್ತಿದ್ದ.

"ತುಂಬಾ ಒಪ್ಪತ್ತೆ, ಅಮ್ಮಾವ್ರೇ," ಅಂದ ಮೊರೊಹಾಶಿ.

"ಹಾಗಾದ್ರೆ ಇಟ್ಟುಬಿಡಿ," ಅಂದಳು ಆಕೆ.

ಆ ಸಂಜೆ ಅವನು ಮನೆಯಲ್ಲಿ ತುತ್ತು ಎತ್ತಲಿಲ್ಲ. ನಡೆದದ್ದನ್ನೆಲ್ಲ ಹೇಳಿ, ಬಿಟ್ಟುಬಿಡ್ತೀನಿ ಈ ಕೆಲಸ ಅಂದ. ಇಕುಯೊ ಮೀನಿನ ಮುಳ್ಳು ಬಿಡಿಸುತ್ತಲೇ ಹೇಳಿದಳು: "ಬಿಡಿ. ನಮ್ಮ ಸೂಪರ್‌ಮಾರ್ಕೆಟ್ಟಲ್ಲಿ ಗಿರಾಕಿಗಳು ಬಿಟ್ಟುಹೋದ ತಳ್ಳುಗಾಡಿ ಜೋಡಿಸೋಕೆ ಜನ ಸಿಕ್ತಿಲ್ಲ. ಏನಿದ್ರೂ ಅಲ್ಲಿ ಯಾರಿಗೂ ಒಪ್ಪತ್ತೆ ಅಂತ ಹೇಳಬೇಕಾಗಿಲ್ಲ." ತಮಾಷೆಗಲ್ಲ, ನಿಜವಾಗಿಯೇ ಹೇಳಿದ್ದಳು.

ಅಕ್ಟೋಬರಿನಲ್ಲಿ ಅವನು ರಾಜೀನಾಮೆಯ ಲಕೋಟೆಯನ್ನು ನೆಜುವಿನ ಮೇಜಿನ ಮೇಲಿಟ್ಟ. ನೆಜು ಅದನ್ನು ಒಡೆಯಲಿಲ್ಲ, ಸಿಟ್ಟಾಗಲೂ ಇಲ್ಲ.

"ಹೋಗೋರನ್ನ ಹಿಡಿಯೋಕಾಗಲ್ಲ ಬಿಡಿ. ನಿಮ್ಮ ಹತ್ತೊಂಬತ್ತರಲ್ಲಿ ಹದಿನೆಂಟು ಮನೆ ಹುಡುಗರಿಗೆ ಹಂಚ್ತೀನಿ. ಕುವಾಬಾರಾ ಅವರ ಮನೆ ಮಾತ್ರ ನಾನೇ ನೋಡ್ಕೊಳ್ತೀನಿ. ಇನ್ನೂ ಎಷ್ಟೋ ತಗೊಳ್ಳೋ ಮನೆ ಅದು. ನೀವು ತಿಂಗಳಿಗೊಂದು ಸಲ ಹೋಗಿ ಹಾಳು ಮಾಡಿದ್ರಿ. ನಾನು ವಾರ ವಾರ ಹೋಗ್ತೀನಿ."

ಮೊರೊಹಾಶಿಗೆ ಪೆಟ್ಟಿಗೆ ತುಂಬಿದ ಆ ಕೋಣೆ ಕಣ್ಣಿಗೆ ಕಟ್ಟಿತು. ಪ್ರತಿ ಗುರುವಾರ ಚಾಪೆಗೆ ಹಣೆ ಹಚ್ಚುವ ನೆಜು, ಎದುರಿಗೆ ಬೇಡವೆನ್ನಲಾರದ ಹೆಂಗಸು. ಅವನು ಕೈ ಚಾಚಿ ಲಕೋಟೆಯನ್ನು ಹಿಂದಕ್ಕೆ ತೆಗೆದುಕೊಂಡ.

"ಯೋಚನೆ ಬದಲಾಯ್ತಾ?" ಅಂದ ನೆಜು.

"ಬದಲಾಯ್ತು."

ಇಕುಯೊ ಇದನ್ನು ಕೇಳಿಕೊಂಡು ಪಾತ್ರೆ ತೊಳೆಯಲು ಎದ್ದಳು. ಮಾರನೆಯ ದಿನ ಅವನ ಬೂಟಿಗೆ ಎಂದಿನಂತೆ ಪಾಲಿಶ್ ಆಗಿತ್ತು. ಅದು ಬಯ್ಗುಳಕ್ಕಿಂತ ಕಷ್ಟವಾಯಿತು ಅವನಿಗೆ.

ಡಿಸೆಂಬರಿನ ಎರಡನೇ ಗುರುವಾರ ಮೊರೊಹಾಶಿ ಹೋದಾಗ ಚಿಜುರು ತಲೆಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದಳು. ನಗರಸಭೆಯವರು ಬಡ ಮಕ್ಕಳ ಸಲುವಾಗಿ ನಡೆಸುವ ಸಂತೆಗೆ ಮೇಲಿನ ಕೋಣೆಯದನ್ನೆಲ್ಲ ಕೊಟ್ಟುಬಿಡುವುದೆಂದು ತೀರ್ಮಾನಿಸಿದ್ದಳು. "ಡಾಕ್ಟರು ಮೀನು ಹಿಡಿದು ಬರೋ ಹೊತ್ತಿಗೆ ಮುಗೀಬೇಕು," ಅಂದಳು. ಇಬ್ಬರೂ ಕೂತು ಕಾಗದ ಬಿಚ್ಚಿದರು. ಒಳಗೇನಿದೆಯೆಂದು ಆಕೆಗೆ ನೆನಪಿರಲಿಲ್ಲ. ಅವನಿಗೆ ಎಲ್ಲ ನೆನಪಿತ್ತು. ಒಂದು ಬೂದು ಬಣ್ಣದ ಚಹಾದ ಹೂಜಿಯನ್ನು ಆಕೆ ತಿರುಗಿಸಿ ತಿರುಗಿಸಿ ನೋಡಿ, "ಇದು ಚೆನ್ನಾಗಿದೆಯಲ್ಲ. ಆಗ ಯಾಕೆ ಹೇಳಲಿಲ್ಲ?" ಎಂದು ಮಡಿಲಲ್ಲಿ ಇಟ್ಟುಕೊಂಡಳು. ಅವನು ಅಂದು ಅರ್ಧ ಗಂಟೆ ಅದರದೇ ಮಾತಾಡಿದ್ದ. ಈಗ ಮುಂದಿನ ಪೆಟ್ಟಿಗೆಯ ದಾರ ಬಿಚ್ಚಿದ. ಉಳಿದದ್ದನ್ನು ಹಿಮದಲ್ಲಿ ಹನ್ನೊಂದು ಸಲ ಓಡಾಡಿ ತಾನು ತಂದಿದ್ದ ವ್ಯಾನಿಗೆ ತುಂಬಿದ. ಕೋಣೆಯಲ್ಲಿ ಗೋಡೆ ಕಾಣಿಸಿತು.

ಹೂಜಿಯಲ್ಲಿ ಚಹಾ ಮಾಡಿಕೊಂಡು ಕುಡಿದರು. ಇವತ್ತು ಏನನ್ನೂ ತೋರಿಸುವುದಿಲ್ಲವೆಂದು ಮೊರೊಹಾಶಿ ಚೀಲವನ್ನು ಬಾಗಿಲ ಬಳಿಯೇ ಬಿಟ್ಟಿದ್ದ.

"ನೆಜು ಅವರು ಫೋನ್ ಮಾಡಿದ್ರು," ಅಂದಳು ಚಿಜುರು. "ಜನವರೀಲಿ ಏನೋ ಇದೆಯಂತೆ, ವಸಂತದ್ದು. ಬರ್ತೀನಿ ಅಂದೆ."

"ಯಾಕೆ ಅಂದ್ರಿ, ಅಮ್ಮಾವ್ರೇ?"

"ಬರಲ್ಲ ಅಂದ್ರೆ ಮನೆಗೆ ಬರ್ತಾರಲ್ಲ."

ಆಕೆ ಅವನ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದಳು.

"ಚೀಲದಲ್ಲಿರೋ ಆ ಪುಸ್ತಕ ತನ್ನಿ," ಅಂದಳು. "ಇವತ್ತೇ ನನ್ನ ಹೆಸರಲ್ಲಿ ಏನಾದ್ರೂ ಬರ್ಕೊಳ್ಳಿ. ಬರ್ಕೊಂಡಿದ್ರೆ ಅಲ್ಲಿ ನಿಮ್ಮನ್ನ ಯಾರೂ ಏನೂ ಕೇಳಲ್ಲ. ನನ್ನನ್ನೂ ಬೇಗ ಬಿಡ್ತಾರೆ."

ಮೊರೊಹಾಶಿ ಎದ್ದು ಹೋಗಿ ವಸಂತದ ಪಟ್ಟಿಯ ಪುಸ್ತಕ ತಂದು ಇಬ್ಬರ ನಡುವೆ ಬಿಚ್ಚಿಟ್ಟ. ಚಿಜುರು ಕನ್ನಡಕ ಹಾಕಿಕೊಂಡಳು. ಕಪಾಟಿನಲ್ಲಿ ಅತಿ ಕಡಿಮೆ ಜಾಗ ಹಿಡಿಯುವಂಥದ್ದು ಯಾವುದೆಂದು ಇಬ್ಬರೂ ಒಂದೊಂದೇ ಪುಟ ಮಗುಚುತ್ತ ಹುಡುಕತೊಡಗಿದರು. ಕೊನೆಗೆ ಅವನು ಒಂದು ಕರವಸ್ತ್ರದ ಮೇಲೆ ಬೆರಳಿಟ್ಟ. "ಇದೊಂದೇ ಸಾಕಾಗತ್ತಾ?" ಎಂದು ಆಕೆ ಕೇಳಿದಳು. ನೆಜುವಿಗೆ ಅದು ಸಾಕಾಗುವುದಿಲ್ಲವೆಂದು ಮೊರೊಹಾಶಿಗೆ ಗೊತ್ತಿತ್ತು. ಮುಂದಿನ ಪುಟ ತಿರುವಿದ.